ತಂತಿ ಬಿಚ್ಚುತ್ತಾ ಹಾರಿದ ಕ್ಷಿಪಣಿ

ಪ್ರಶ್ನೆ: ಯುದ್ಧಗಳ ಇತಿಹಾಸ ಓದುವಾಗ ‘ತಂತಿ ನಿರ್ದೇಶಿತ ಟ್ಯಾಂಕ್ ನಿರೋಧಕ ಕ್ಷಿಪಣಿ’ ಎಂಬ ಮಾತು ಸಿಕ್ಕಿತು. ಹಾರುವ ಕ್ಷಿಪಣಿಗೆ ತಂತಿ ಕಟ್ಟಿದರೆ ಅದು ತುಂಡಾಗುವುದಿಲ್ಲವೇ? ರೇಡಿಯೊ ಇದ್ದ ಕಾಲದಲ್ಲಿ ತಂತಿಯೇ ಏಕೆ ಬೇಕಾಯಿತು? ಇದನ್ನು ಮೊದಲು ಮಾಡಿದವರು ಯಾರು? ನಮ್ಮ ಸೈನ್ಯದಲ್ಲೂ ಇಂಥದ್ದು ಇತ್ತೇ?
ಓದುಗರೊಬ್ಬರು, ತಿಪಟೂರು

ಉತ್ತರ: ಕ್ಷಿಪಣಿಗೆ ತಂತಿ ಎಂದಾಕ್ಷಣ ಉಡಾಯಿಸಿದ ಜಾಗದಲ್ಲೊಂದು ಸುರುಳಿ, ಅದರಿಂದ ತಂತಿಯನ್ನು ಸರಸರನೆ ಎಳೆದುಕೊಂಡು ಓಡುವ ಕ್ಷಿಪಣಿ ನಮ್ಮ ಕಣ್ಣಿಗೆ ಬರುತ್ತದೆ. ಹಾಗೇನಾದರೂ ಮಾಡಿದ್ದರೆ ನೀವು ಊಹಿಸಿದಂತೆ ತಂತಿ ಹರಿದೇ ಹೋಗುತ್ತಿತ್ತು. ಆದರೆ ಸುರುಳಿ ಇರುವುದು ನೆಲದ ಮೇಲಲ್ಲ, ಕ್ಷಿಪಣಿಯ ಒಡಲಲ್ಲಿ. ತಂತಿಯ ಒಂದು ತುದಿಯನ್ನು ಸೈನಿಕನ ಮುಂದಿರುವ ನಿಯಂತ್ರಣ ಪೆಟ್ಟಿಗೆಗೆ ಜೋಡಿಸಿರುತ್ತಾರೆ. ಕ್ಷಿಪಣಿ ಮುಂದೆ ಹೋದಂತೆಲ್ಲ ಸುರುಳಿ ಬಿಚ್ಚಿಕೊಂಡು ತಂತಿ ಹಿಂದೆ ಉಳಿಯುತ್ತದೆ. ಜೇಡ ಸೂರಿನಿಂದ ಇಳಿಯುವಾಗ ನೂಲನ್ನು ಮೇಲಿನಿಂದ ಎಳೆದುಕೊಳ್ಳುವುದಿಲ್ಲ, ತನ್ನ ಮೈಯಿಂದಲೇ ಬಿಡುತ್ತಾ ಇಳಿಯುತ್ತದಲ್ಲ, ಇದೂ ಹಾಗೆಯೇ. ಹೊರಬಂದ ತಂತಿ ಹೆಚ್ಚುಕಡಿಮೆ ಇದ್ದಲ್ಲೇ ನಿಂತು, ಮೆಲ್ಲಗೆ ನೆಲಕ್ಕೆ ಬೀಳುತ್ತದೆ. ಅದರ ಮೇಲೆ ಎಳೆತ ಬಹಳ ಕಡಿಮೆ. ಆದ್ದರಿಂದಲೇ ಒಂದು ಮಿಲಿಮೀಟರಿಗಿಂತ ಎಷ್ಟೋ ತೆಳುವಾದ, ಮೇಲೆ ವಿದ್ಯುತ್ ನಿರೋಧಕ ಲೇಪವಿರುವ ತಂತಿ ಸಾಕಾಯಿತು. ಕಿಲೋಮೀಟರುಗಟ್ಟಲೆ ತಂತಿಯನ್ನು ಸುತ್ತಿದರೂ ಕ್ಷಿಪಣಿಗೆ ಭಾರವಾಗಲಿಲ್ಲ.

ತುಂಡಾಗುವುದೇ ಇಲ್ಲ ಎಂದೇನಲ್ಲ. ಮರದ ಕೊಂಬೆ, ಬೇಲಿ, ವಿದ್ಯುತ್ ಕಂಬದ ತಂತಿ ಎಲ್ಲವೂ ಅದಕ್ಕೆ ಶತ್ರುಗಳೇ. ನೀರಿನ ಮೇಲೆ ಹಾರಿಸುವಾಗಲೂ ಎಚ್ಚರ ಬೇಕು. ತಂತಿ ನೀರಿಗೆ ಬಿದ್ದರೆ ಸಂಕೇತ ಕೆಡಬಹುದು. ತಂತಿ ಹೋದರೆ ಕ್ಷಿಪಣಿಗೆ ಯಜಮಾನನ ಮಾತು ಕೇಳಿಸುವುದಿಲ್ಲ. ಹೀಗಾಗಿ ಇದು ಮೊದಲಿನಿಂದಲೂ ಬಯಲಿನ ಆಯುಧ. ಕಾಡಿನ ಯುದ್ಧಕ್ಕೆ ಒಗ್ಗಿದ್ದಲ್ಲ.

ಇನ್ನು ರೇಡಿಯೊ ಬಿಟ್ಟು ತಂತಿಗೆ ಹೋದದ್ದೇಕೆ ಎಂಬ ಮಾತು. ಇದಕ್ಕೆ ಎರಡನೇ ಮಹಾಯುದ್ಧದ ನಡುಭಾಗಕ್ಕೆ ಹೋಗಬೇಕು. 1943ರ ಸೆಪ್ಟೆಂಬರ್ 9ರಂದು ಇಟಲಿಯ ಯುದ್ಧನೌಕೆ ‘ರೋಮಾ’ ಮಿತ್ರರಾಷ್ಟ್ರಗಳಿಗೆ ಶರಣಾಗಲು ಹೊರಟಿತ್ತು. ಜರ್ಮನಿಯ ವಿಮಾನಗಳು ‘ಫ್ರಿಟ್ಜ್ ಎಕ್ಸ್’ ಎಂಬ ಬಾಂಬನ್ನು ಮೇಲಿನಿಂದ ಹಾಕಿ, ರೇಡಿಯೊ ಮೂಲಕ ದಾರಿ ತೋರಿಸಿ ಅದನ್ನು ಮುಳುಗಿಸಿದವು. ಸತ್ತವರು ಸಾವಿರಕ್ಕೂ ಹೆಚ್ಚು. ಬಾಂಬಿನ ವಿನ್ಯಾಸಕಾರ ಮ್ಯಾಕ್ಸ್ ಕ್ರಾಮರ್. ಮಿತ್ರರಾಷ್ಟ್ರಗಳ ತಂತ್ರಜ್ಞರು ಸುಮ್ಮನೆ ಕೂರಲಿಲ್ಲ. ಆ ಬಾಂಬುಗಳು ಯಾವ ತರಂಗಾಂತರದಲ್ಲಿ ಆಜ್ಞೆ ಪಡೆಯುತ್ತವೆ ಎಂದು ಪತ್ತೆಹಚ್ಚಿ, ಅದೇ ತರಂಗಾಂತರದಲ್ಲಿ ಗದ್ದಲ ತುಂಬುವ ಯಂತ್ರಗಳನ್ನು ಹಡಗುಗಳಲ್ಲಿ ಕೂರಿಸಿದರು. ರೇಡಿಯೊ ಆಜ್ಞೆಯನ್ನು ನಾಲ್ಕೂ ದಿಕ್ಕಿಗೆ ಕೂಗಿ ಹೇಳುವುದರಿಂದ ಶತ್ರುವೂ ಅದರ ಮೇಲೆ ಕೂಗಬಹುದು. ತಂತಿಯೊಳಗಿನ ಮಾತಿಗೆ ಹಾಗೆ ಅಡ್ಡಿಪಡಿಸಲಾಗದು. ಮುಂದೆ ಕ್ರಾಮರ್ ಅವರು ರೂರ್‌ಸ್ಟಾಲ್ ಕಂಪನಿಗಾಗಿ ಮಾಡಿದ ‘ಎಕ್ಸ್-4’ ಎಂಬ ವಿಮಾನ ನಿರೋಧಕ ಕ್ಷಿಪಣಿಯಲ್ಲಿ ರೆಕ್ಕೆಗಳ ತುದಿಯಲ್ಲಿ ತಂತಿಯ ಸುರುಳಿಗಳಿದ್ದವು. ಅದರ ಪುಟ್ಟ ತಮ್ಮನೇ ಟ್ಯಾಂಕುಗಳ ಮೇಲೆ ಬಿಡಲೆಂದು ಮಾಡಿದ ‘ಎಕ್ಸ್-7’. ಸುಮಾರು ಒಂಬತ್ತು ಕಿಲೋ ತೂಕ, ಎರಡೂವರೆ ಕಿಲೋ ಸಿಡಿತಲೆ, ಸಾವಿರ ಮೀಟರಿನಾಚೆಗೂ ಹೋಗುವ ಶಕ್ತಿ. ಆದರೆ ಅದು ಸೈನ್ಯದ ಕೈಗೆ ಸರಿಯಾಗಿ ಸೇರುವ ಮೊದಲೇ 1945ರಲ್ಲಿ ಜರ್ಮನಿ ಸೋತಿತು.

ಇದೇ ತಂತ್ರ ಈಗ ಮತ್ತೆ ಬಂದಿರುವುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಉಕ್ರೇನ್ ಯುದ್ಧದಲ್ಲಿ ರೇಡಿಯೊ ಗದ್ದಲ ವಿಪರೀತವಾದಾಗ ಎರಡೂ ಕಡೆಯವರು ಡ್ರೋನುಗಳ ಹೊಟ್ಟೆಗೆ ಆಪ್ಟಿಕಲ್ ಫೈಬರಿನ ಸುರುಳಿ ಕಟ್ಟಿ ಹಾರಿಸತೊಡಗಿದರು. ಅಲ್ಲೂ ಸುರುಳಿ ಇರುವುದು ಹಾರುವ ವಸ್ತುವಿನಲ್ಲೇ.

ಟ್ಯಾಂಕಿಗೆ ಇಂಥದ್ದೊಂದು ಆಯುಧ ಏಕೆ ಬೇಕಾಯಿತು ಎಂಬುದು ತಿಳಿಯದಿದ್ದರೆ ಈ ಕಥೆಯ ಅರ್ಧ ಬಿಟ್ಟುಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಕಾಲಾಳಿನ ಕೈಯಲ್ಲಿದ್ದ ‘ಪಾನ್ಸರ್‌ಫೌಸ್ಟ್’ ಮೊದಲಿಗೆ 30 ಮೀಟರ್, ಆಮೇಲೆ 60, ಕೊನೆಗೆ 100 ಮೀಟರ್ ದೂರಕ್ಕೆ ನಾಟುತ್ತಿತ್ತು. ಅಂದರೆ ಟ್ಯಾಂಕ್ ಎದೆಯ ಮೇಲೆ ಬರುವವರೆಗೆ ಕಾಯಬೇಕು. ದೂರದಿಂದ ಹೊಡೆಯಬೇಕಾದರೆ ಫಿರಂಗಿ ಬೇಕು. ಬ್ರಿಟಿಷರ 17 ಪೌಂಡರ್ ಟ್ಯಾಂಕ್ ನಿರೋಧಕ ಫಿರಂಗಿಯ ತೂಕ ಮೂರು ಟನ್. ಅದನ್ನು ಎಳೆಯಲು ವಾಹನ, ಸಾಗಿಸಿ ಹೂಡಲು ಒಂದು ತಂಡ, ಮರೆಮಾಡಲು ಗುಂಡಿ. ನೂರು ಮೀಟರಿಗೂ ಸಾವಿರದೈನೂರು ಮೀಟರಿಗೂ ನಡುವಿನ ಬಯಲಿನಲ್ಲಿ, ಫಿರಂಗಿಯ ಆಸರೆ ಇಲ್ಲದ ಕಾಲಾಳು ನಿರಾಯುಧನೇ ಆಗಿದ್ದ.

ಒಂದು ಅನುಕೂಲ ಮಾತ್ರ ಇತ್ತು. ಫಿರಂಗಿಯ ಗುಂಡು ಉಕ್ಕನ್ನು ಸೀಳುವುದು ತನ್ನ ವೇಗದ ಬಲದಿಂದ. ಆದರೆ ಒಳಕ್ಕೆ ಬಾಗಿದ ಶಂಕುವಿನಾಕಾರದ ತಾಮ್ರದ ತಗಡಿನ ಹಿಂದೆ ಸ್ಫೋಟಕ ತುಂಬಿದ ಸಿಡಿತಲೆಗೆ ವೇಗ ಬೇಡ. ಅದು ಟ್ಯಾಂಕಿಗೆ ತಾಗಿ ಸಿಡಿದಾಗ ತಗಡು ಕುಸಿದು, ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದ ಲೋಹದ ಚೂಪು ಧಾರೆಯಾಗಿ ಕವಚದೊಳಗೆ ನುಗ್ಗುತ್ತದೆ. ಹೊತ್ತು ತಂದವನು ನಿಧಾನವಾಗಿ ಬಂದರೂ ನಡೆಯುತ್ತದೆ, ಗುರಿಗೆ ಸರಿಯಾಗಿ ತಾಗಿದರೆ ಸಾಕು. ನಿಧಾನವಾಗಿ ಹಾರುವ, ದಾರಿಯಲ್ಲಿ ತಿದ್ದಬಹುದಾದ ಕ್ಷಿಪಣಿ ಎಂಬ ಯೋಚನೆಗೆ ಆಧಾರವಾದದ್ದು ಇದೇ.

ಮೊದಲು ಮಾಡಿದವರು ಯಾರು ಎಂದರೆ ಬಹಳಷ್ಟು ಪುಸ್ತಕಗಳು ಜರ್ಮನಿಯ ಹೆಸರು ಹೇಳಿ ಮುಂದೆ ಹೋಗುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ಯೋಚನೆ ಜರ್ಮನರದ್ದು, ನಿಜ. ಆದರೆ ಅದನ್ನು ಸೈನಿಕನೊಬ್ಬ ಹೊತ್ತು ತಂದು ನಂಬಿಕೆಯಿಂದ ಬಳಸಬಹುದಾದ ಆಯುಧವಾಗಿ ಮಾಡಿದವರು ಫ್ರೆಂಚರು. ಪ್ಯಾರಿಸ್ಸಿನ ಪಕ್ಕದ ಶಾತಿಯೋಂನಲ್ಲಿದ್ದ ಸರ್ಕಾರಿ ವಿಮಾನ ಕಾರ್ಖಾನೆ ‘ಆರ್ಸೆನಾಲ್’ನ ಎಂಜಿನಿಯರುಗಳು ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಎಕ್ಸ್-7ರ ದಾರಿ ಹಿಡಿದು ತಮ್ಮದೇ ಕ್ಷಿಪಣಿಯ ಕೆಲಸ ಶುರುಮಾಡಿದರು. ಈ ಕೆಲಸದ ಮುಂದಾಳು ಎಮಿಲ್ ಸ್ಟೌಫ್. ಆ ಸಂಸ್ಥೆ ಮುಂದೆ ‘ನಾರ್ಡ್ ಏವಿಯೇಷನ್’ನಲ್ಲಿ ಸೇರಿಹೋಯಿತು. ಅವರ ‘ಎಸ್‌ಎಸ್-10’ 1950ರ ದಶಕದ ಮಧ್ಯದಲ್ಲಿ ಫ್ರೆಂಚ್ ಸೈನ್ಯಕ್ಕೆ ಸೇರಿತು. ತೂಕ 15 ಕಿಲೋ. ಉದ್ದ ಒಂದು ಮೀಟರಿಗೂ ಕಡಿಮೆ. ನಾಲ್ಕು ಅಗಲವಾದ ರೆಕ್ಕೆಗಳು, ಐದು ಕಿಲೋ ಸಿಡಿತಲೆ. 300 ಮೀಟರಿನಿಂದ 1,600 ಮೀಟರಿನವರೆಗೆ ಹೊಡೆಯಬಲ್ಲದು. ಸುಮಾರು 400 ಮಿಲಿಮೀಟರ್ ದಪ್ಪದ ಉಕ್ಕನ್ನು ತೂತು ಮಾಡಬಲ್ಲದು. ಅಂದಿನ ಯಾವ ಟ್ಯಾಂಕಿಗೂ ಅಷ್ಟು ದಪ್ಪದ ಕವಚವಿರಲಿಲ್ಲ. ಅದನ್ನು ಹೊತ್ತು ತರುವ ತಗಡಿನ ಪೆಟ್ಟಿಗೆಯೇ ಉಡಾವಣೆಗೂ ಆಗುತ್ತಿತ್ತು.

ವೇಗ ಸೆಕೆಂಡಿಗೆ ಸುಮಾರು 80 ಮೀಟರ್. ಇದು ಕೇಳಿದರೆ ನಗು ಬರಬಹುದು, ಏಕೆಂದರೆ ಒಂದು ಸಾಮಾನ್ಯ ಬಂದೂಕಿನ ಗುಂಡು ಇದರ ಹತ್ತು ಪಟ್ಟು ವೇಗದಲ್ಲಿ ಹೋಗುತ್ತದೆ. ಆದರೆ ಈ ನಿಧಾನ ಕೈಲಾಗದೆ ಬಂದದ್ದಲ್ಲ. ಅದು ಯಾರಿಗಾಗಿ ಎಂದು ತಿಳಿಯಬೇಕಾದರೆ ಪೆಟ್ಟಿಗೆಯ ಹಿಂದೆ ಮಂಡಿಯೂರಿದ ಸೈನಿಕನನ್ನು ನೋಡಬೇಕು.

ಅವನ ಕೈಯಲ್ಲಿ ಒಂದು ಪುಟ್ಟ ಸನ್ನೆ, ನಾವೀಗ ಜಾಯ್‌ಸ್ಟಿಕ್ ಎನ್ನುವಂಥದ್ದು. ಕ್ಷಿಪಣಿಯ ಬಾಲದಲ್ಲಿ ಒಂದು ಫ್ಲೇರ್ ಉರಿಯುತ್ತಿರುತ್ತದೆ, ಅವನಿಗೆ ಕಾಣಲೆಂದು. ಆ ಬೆಳಕಿನ ಚುಕ್ಕೆಯನ್ನೂ ದೂರದ ಟ್ಯಾಂಕನ್ನೂ ಒಟ್ಟಿಗೆ ನೋಡುತ್ತಾ, ಚುಕ್ಕೆ ಟ್ಯಾಂಕಿನ ಮೇಲೆಯೇ ಕೂತಿರುವಂತೆ ಸನ್ನೆಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಆಡಿಸಬೇಕು. ಅವನ ಕೈಯ ಚಲನೆ ವಿದ್ಯುತ್ ಸಂಕೇತವಾಗಿ ತಂತಿಯಲ್ಲಿ ಹರಿದು, ರೆಕ್ಕೆಗಳ ಹಿಂಬದಿಯ ಸಣ್ಣ ಪಟ್ಟಿಗಳನ್ನು ಆಡಿಸಿ ಕ್ಷಿಪಣಿಯನ್ನು ತಿರುಗಿಸುತ್ತದೆ. ಒಳಗಿರುವ ಗೈರೊಸ್ಕೋಪ್ ಯಾವುದು ಮೇಲು, ಯಾವುದು ಕೆಳಗು ಎಂಬ ಲೆಕ್ಕ ಇಟ್ಟುಕೊಳ್ಳುತ್ತದೆ.

ಕೇಳಲು ಸುಲಭ. ಮಾಡಲು ಬಹಳ ಕಷ್ಟ. ಸನ್ನೆಯನ್ನು ಬಲಕ್ಕೆ ಒತ್ತಿದರೆ ಚುಕ್ಕೆ ಬಲಕ್ಕೆ ಹೋಗಿ ನಿಲ್ಲುವುದಿಲ್ಲ. ಅದು ಬಲಕ್ಕೆ ತಿರುಗತೊಡಗುತ್ತದೆ. ಕೈ ಬಿಟ್ಟ ಮೇಲೂ ಬಲಕ್ಕೆ ಸಾಗುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ಎಡಕ್ಕೆ ಒತ್ತಬೇಕು, ಅದೂ ಚುಕ್ಕೆ ಗುರಿಗೆ ತಲುಪುವ ಮೊದಲೇ. ಹೊಸಬರ ಕ್ಷಿಪಣಿ ಹಾವಿನಂತೆ ಅತ್ತಿತ್ತ ಹೊರಳಿ ಕೊನೆಗೆ ನೆಲಕ್ಕೆ ಬಡಿಯುತ್ತಿದ್ದುದು ಇದರಿಂದಲೇ. ಕಣ್ಣು ನೋಡಿ, ಮನಸ್ಸು ತೀರ್ಮಾನಿಸಿ, ಕೈ ಆಡಲು ಅರ್ಧ ಸೆಕೆಂಡ್ ಹಿಡಿದರೆ ಅಷ್ಟರಲ್ಲಿ ಎಸ್‌ಎಸ್-10 ಇನ್ನೂ 40 ಮೀಟರ್ ಮುಂದೆ ಹೋಗಿರುತ್ತದೆ. ವೇಗ ಮೂರು ಪಟ್ಟಾಗಿದ್ದರೆ ಆ ಕಾಲದ ಮನುಷ್ಯನ ಕೈಗೆ ಅದು ಸಿಗುತ್ತಲೇ ಇರಲಿಲ್ಲ. 300 ಮೀಟರಿಗಿಂತ ಹತ್ತಿರದ ಟ್ಯಾಂಕನ್ನು ಹೊಡೆಯಲಾಗದ್ದೂ ಇದಕ್ಕಾಗಿಯೇ. ಉಡಾಯಿಸಿದ ಕ್ಷಿಪಣಿಯನ್ನು ದೃಷ್ಟಿಗೆ ತಂದು, ಹಿಡಿತಕ್ಕೆ ತೆಗೆದುಕೊಳ್ಳಲು ಅಷ್ಟು ದೂರ ಬೇಕಿತ್ತು.

ನಿಧಾನದ ಬೆಲೆಯನ್ನೂ ಅವನೇ ತೆರಬೇಕು. 1,600 ಮೀಟರಿಗೆ 20 ಸೆಕೆಂಡ್. ಗಂಟೆಗೆ 30 ಕಿಲೋಮೀಟರ್ ವೇಗದ ಟ್ಯಾಂಕ್ ಅಷ್ಟರಲ್ಲಿ ನೂರಾ ಅರವತ್ತು ಮೀಟರಿಗೂ ಹೆಚ್ಚು ಓಡುತ್ತದೆ, ಒಂದು ದಿಬ್ಬದ ಮರೆಗೆ ಸೇರಬಹುದು. ಉಡಾವಣೆಯ ಹೊಗೆ, ಧೂಳು ಕಂಡ ಶತ್ರು ಅವನ ಮೇಲೆ ಗುಂಡಿನ ಮಳೆ ಸುರಿಸಬಹುದು. ಆ ಇಪ್ಪತ್ತು ಸೆಕೆಂಡ್ ಅವನು ರೆಪ್ಪೆ ಬಡಿಯದಂತೆ, ಕೈ ನಡುಗದಂತೆ ಇರಬೇಕು. ಅವನು ಬೆಚ್ಚಿದರೆ ಕ್ಷಿಪಣಿಯೂ ಬೆಚ್ಚುತ್ತದೆ. ಈ ಆಯುಧದ ಇತಿಹಾಸವನ್ನು ದೂರ, ತೂಕ, ಕವಚದ ದಪ್ಪಗಳ ಪಟ್ಟಿಯಾಗಿ ಬರೆದಾಗ ಈ ಮನುಷ್ಯ ಕಾಣೆಯಾಗುತ್ತಾನೆ. ನನ್ನ ಪ್ರಕಾರ ಮುಂದಿನ ಮೂವತ್ತು ವರ್ಷ ಎಂಜಿನಿಯರುಗಳು ಮಾಡಿದ್ದೆಲ್ಲ ಅವನ ಹೊರೆ ಇಳಿಸುವ ಕೆಲಸವೇ.

ಎಸ್‌ಎಸ್-10 ಗೆದ್ದದ್ದು ಸರಳತೆಯಿಂದ. ಅದೇ ಹೊತ್ತಿನಲ್ಲಿ ಅಮೆರಿಕ ‘ಡಾರ್ಟ್’ ಎಂಬ ದೊಡ್ಡ, ಭಾರವಾದ ತಂತಿ ಕ್ಷಿಪಣಿಗೆ ವರ್ಷಗಟ್ಟಲೆ ಶ್ರಮಿಸಿ 1958ರಲ್ಲಿ ಕೈಬಿಟ್ಟಿತು. ಕೊನೆಗೆ ಫ್ರೆಂಚರ ಎಸ್‌ಎಸ್-10 ಅನ್ನೇ ಕೊಂಡುಕೊಂಡಿತು. ಆಸ್ಟ್ರೇಲಿಯಾದಲ್ಲಿ ತಯಾರಾಗಿ ಬ್ರಿಟಿಷ್ ಸೈನ್ಯ ಸೇರಿದ ‘ಮಲ್ಕಾರಾ’ ತೊಂಬತ್ತು ಕಿಲೋಗೂ ಮೀರಿದ ದೈತ್ಯ. ಅದನ್ನು ವಾಹನದ ಮೇಲಿಂದಲೇ ಹಾರಿಸಬೇಕು. 1962ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು ಮೂವತ್ತು ಸಾವಿರ ಎಸ್‌ಎಸ್-10ಗಳು ಕಾರ್ಖಾನೆಯಿಂದ ಹೊರಬಂದಿದ್ದವು. ಯುದ್ಧದಲ್ಲಿ ಅದನ್ನು ಮೊದಲು ಟ್ಯಾಂಕುಗಳ ವಿರುದ್ಧ ಬಳಸಿದವರು ಇಸ್ರೇಲಿಗಳು, 1956ರಲ್ಲಿ ಸಿನಾಯ್ ಮರುಭೂಮಿಯಲ್ಲಿ, ಈಜಿಪ್ಟಿನ ಮೇಲೆ. ಮರವಿಲ್ಲ, ಬೇಲಿಯಿಲ್ಲ, ಕಣ್ಣು ಹಾಯುವಷ್ಟು ದೂರ ಬಯಲು. ತಂತಿಗೆ ಇದಕ್ಕಿಂತ ಒಳ್ಳೆಯ ನೆಲ ಇನ್ನೆಲ್ಲಿ?

ಈ ಕ್ಷಿಪಣಿಗಳ ಕಥೆಯಲ್ಲಿ ಒಬ್ಬ ಎಂಜಿನಿಯರನ ಬದುಕು ಮನಸ್ಸನ್ನು ಕಲಕುತ್ತದೆ. ಜ್ಯಾಂ ಬಾಸ್ಟಿಯಾಂ-ತಿರಿ, ಫ್ರೆಂಚ್ ವಾಯುಪಡೆಯ ಶಸ್ತ್ರಾಸ್ತ್ರ ಎಂಜಿನಿಯರ್. ಎಸ್‌ಎಸ್-10 ಮತ್ತು ಅದರ ಅಣ್ಣ ಎಸ್‌ಎಸ್-11ರ ವಿನ್ಯಾಸದಲ್ಲಿ ದುಡಿದವರು. ಅಲ್ಜೀರಿಯಾಕ್ಕೆ ಸ್ವಾತಂತ್ರ್ಯ ಕೊಟ್ಟ ಅಧ್ಯಕ್ಷ ದ ಗಾಲ್ ದೇಶದ್ರೋಹ ಮಾಡಿದರೆಂದು ಅವರು ನಂಬಿದರು. 1962ರ ಆಗಸ್ಟ್ 22ರಂದು ಪ್ಯಾರಿಸ್ ಹೊರವಲಯದ ಪೆತಿ-ಕ್ಲಾಮಾರ್‌ನಲ್ಲಿ ಅಧ್ಯಕ್ಷರ ಕಾರಿನ ಮೇಲೆ ನಡೆದ ಗುಂಡಿನ ದಾಳಿಯ ಮುಂದಾಳು ಅವರೇ. ನೂರಕ್ಕೂ ಹೆಚ್ಚು ಗುಂಡು ಹಾರಿದವು. ಟೈರು ಒಡೆದರೂ ಕಾರು ನಿಲ್ಲಲಿಲ್ಲ, ದ ಗಾಲ್ ಮತ್ತು ಅವರ ಪತ್ನಿ ಬದುಕಿಕೊಂಡರು. 1963ರ ಮಾರ್ಚ್ 11ರಂದು ಬಾಸ್ಟಿಯಾಂ-ತಿರಿ ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು ಮೂವತ್ತೈದು. ಫ್ರೆಡರಿಕ್ ಫೋರ್ಸಿತ್ ಅವರ ‘ದಿ ಡೇ ಆಫ್ ದಿ ಜಾಕಲ್’ ಕಾದಂಬರಿ ಓದಿದ್ದರೆ ಅದರ ಮೊದಲ ಪುಟಗಳಲ್ಲಿ ಇದೇ ಸಾವು ಬರುತ್ತದೆ. ಹೆಣ್ಣುಮಕ್ಕಳ ತಂದೆ, ಬುದ್ಧಿವಂತ ಎಂಜಿನಿಯರ್ ಈ ದಾರಿ ಹಿಡಿದದ್ದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ.

ಎಸ್‌ಎಸ್-11 ಮೊದಲನೆಯದಕ್ಕಿಂತ ಎಲ್ಲದರಲ್ಲೂ ದೊಡ್ಡದು. 30 ಕಿಲೋ ತೂಕ, 3,000 ಮೀಟರ್ ದೂರ, ಸೆಕೆಂಡಿಗೆ ಸುಮಾರು 190 ಮೀಟರ್ ವೇಗ. ಅದನ್ನು ಕಾಲಾಳು ಹೊರುವಂತಿರಲಿಲ್ಲ. ಜೀಪಿಗೆ, ದೋಣಿಗೆ, ವಿಮಾನಕ್ಕೆ ಕಟ್ಟಿದರು. 1950ರ ದಶಕ ಮುಗಿಯುವುದರೊಳಗೆ ಫ್ರೆಂಚರು ಅದನ್ನು ಅಲೂಯೆಟ್ ಹೆಲಿಕಾಪ್ಟರಿಗೂ ಹಾಕಿದರು. ಹೆಲಿಕಾಪ್ಟರ್ ಟ್ಯಾಂಕಿನ ಬೇಟೆಗಾರನಾದದ್ದು ಅಲ್ಲಿಂದ. ಅಲ್ಜೀರಿಯಾದ ಯುದ್ಧದಲ್ಲಿ ಟ್ಯಾಂಕುಗಳೇ ಇರಲಿಲ್ಲ. ಅಲ್ಲಿ ಈ ಕ್ಷಿಪಣಿಗಳನ್ನು ಬಂಡಾಯಗಾರರು ಅಡಗಿದ್ದ ಬೆಟ್ಟದ ಗುಹೆಗಳ ಬಾಯಿಗೆ ಹೊಡೆದರು. 1982ರ ಫಾಕ್‌ಲೆಂಡ್ಸ್ ಯುದ್ಧದಲ್ಲೂ ಬ್ರಿಟಿಷರ ಸ್ಕೌಟ್ ಹೆಲಿಕಾಪ್ಟರುಗಳು ಇದನ್ನು ಅರ್ಜೆಂಟೀನಾದ ನೆಲೆಗಳ ಮೇಲೆ ಹಾರಿಸಿದವು.

ತಂತಿ ಕ್ಷಿಪಣಿಯ ಹೆಸರು ಜಗತ್ತಿಗೆಲ್ಲ ತಿಳಿದದ್ದು ಮಾತ್ರ ರಷ್ಯನ್ನರಿಂದ. ಕೊಲೊಮ್ನಾದ ವಿನ್ಯಾಸ ಕೇಂದ್ರದಲ್ಲಿ ಸೆರ್ಗೆಯ್ ನೆಪೊಬೆದಿಮಿ ನೇತೃತ್ವದಲ್ಲಿ ಮಾಡಿದ ‘ಮಾಲ್ಯುತ್ಕಾ’ 1963ರಲ್ಲಿ ಸೈನ್ಯ ಸೇರಿತು. ಪಾಶ್ಚಾತ್ಯರು ಅದನ್ನು ‘ಸ್ಯಾಗರ್’ ಎಂದರು. ಹನ್ನೊಂದು ಕಿಲೋಗೂ ಕಡಿಮೆ ತೂಕ, ಒಂದು ಪುಟ್ಟ ಸೂಟ್‌ಕೇಸಿನಲ್ಲಿ ಹಿಡಿಯುತ್ತದೆ. ಸೈನಿಕ ಕ್ಷಿಪಣಿಯಿಂದ ಹದಿನೈದು ಮೀಟರ್ ಆಚೆ ಗುಂಡಿಯಲ್ಲಿ ಅಡಗಿ ನಿಯಂತ್ರಿಸಬಹುದು. 1973ರ ಅಕ್ಟೋಬರಿನಲ್ಲಿ ಸೂಯೆಜ್ ಕಾಲುವೆ ದಾಟಿದ ಈಜಿಪ್ಟಿನ ಕಾಲಾಳುಗಳ ಕೈಯಲ್ಲಿ ಇದಿತ್ತು. ಅಭ್ಯಾಸ ಯಂತ್ರಗಳ ಮುಂದೆ ಕೂರಿಸಿ ಅವರ ಕೈಗಳನ್ನು ತಿಂಗಳುಗಟ್ಟಲೆ ಪಳಗಿಸಿದ್ದರು. ಅಕ್ಟೋಬರ್ 8ರಂದು ಇಸ್ರೇಲಿನ ಟ್ಯಾಂಕುಗಳು ಎದುರು ದಾಳಿ ಮಾಡಿ ಭಾರಿ ನಷ್ಟದೊಂದಿಗೆ ಹಿಮ್ಮೆಟ್ಟಿದವು. ಬದುಕಿ ಬಂದ ಟ್ಯಾಂಕುಗಳ ಮೈಮೇಲೆ ತೆಳು ತಂತಿಗಳು ಜೋತಾಡುತ್ತಿದ್ದವು.

‘ಟ್ಯಾಂಕಿನ ಯುಗ ಮುಗಿಯಿತು’ ಎಂದು ಆಗ ಬಹಳ ಮಂದಿ ಬರೆದರು. ಅದು ಅವಸರದ ಮಾತು. ಆ ದಿನ ಇಸ್ರೇಲಿ ಟ್ಯಾಂಕುಗಳು ಸಾಕಷ್ಟು ಕಾಲಾಳು, ಫಿರಂಗಿಗಳ ಆಸರೆಯಿಲ್ಲದೆ ಮುನ್ನುಗ್ಗಿದ್ದವು. ಹತ್ತಿರದಿಂದ ಹೊಡೆದ ಆರ್‌ಪಿಜಿಗಳೂ ಅಷ್ಟೇ ಹಾನಿ ಮಾಡಿದ್ದವು. ಕೆಲವೇ ದಿನಗಳಲ್ಲಿ ಅವರು ಮದ್ದು ಕಂಡುಕೊಂಡರು. ಪ್ರತಿ ಗುಂಪಿನಲ್ಲೂ ಒಬ್ಬ ಕ್ಷಿಪಣಿಗಾಗಿಯೇ ಕಾವಲು. ಅದು ಏಳುವುದು ಕಂಡೊಡನೆ ಅವನು ಕೂಗುತ್ತಿದ್ದ. ಟ್ಯಾಂಕುಗಳು ಅಡ್ಡಾದಿಡ್ಡಿ ಓಡಿ ಧೂಳೆಬ್ಬಿಸುತ್ತಿದ್ದವು, ಕ್ಷಿಪಣಿ ಹೊರಟ ಕಡೆಗೆ ಗುಂಡು ಸುರಿಸುತ್ತಿದ್ದವು. ಮಾಲ್ಯುತ್ಕಾ ಮೂರು ಸಾವಿರ ಮೀಟರ್ ತಲುಪಲು ಸುಮಾರು ಇಪ್ಪತ್ತೈದು ಸೆಕೆಂಡ್. ಅಷ್ಟರಲ್ಲಿ ಗುಂಡಿಯಲ್ಲಿ ಕೂತವನು ತಲೆ ತಗ್ಗಿಸಿದರೆ ಸಾಕು, ಕ್ಷಿಪಣಿ ದಾರಿ ತಪ್ಪುತ್ತಿತ್ತು.

ಈ ಹೊರೆ ಇಳಿಸುವ ಉಪಾಯವೂ ಅಷ್ಟರಲ್ಲಿ ಸಿದ್ಧವಾಗಿತ್ತು. ಅಮೆರಿಕದ ‘ಟೋ’, ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಕೂಡಿ ಮಾಡಿದ ‘ಮಿಲಾನ್’ ಮುಂತಾದವುಗಳಲ್ಲಿ ಸೈನಿಕ ದುರ್ಬೀನಿನ ಅಡ್ಡಗೆರೆಯನ್ನು ಟ್ಯಾಂಕಿನ ಮೇಲೆ ಹಿಡಿದಿದ್ದರೆ ಸಾಕು. ಕ್ಷಿಪಣಿಯ ಬಾಲದಿಂದ ಬರುವ ಅವರಕ್ತ ಬೆಳಕನ್ನು ಉಡಾವಣಾ ಯಂತ್ರವೇ ನೋಡಿ, ಎಷ್ಟು ಸರಿದಿದೆ ಎಂದು ಅಳೆದು, ತಂತಿಯಲ್ಲಿ ತಿದ್ದುಪಡಿ ಕಳಿಸುತ್ತದೆ. ತಂತಿ ಉಳಿಯಿತು, ಜಾಯ್‌ಸ್ಟಿಕ್ ಹೋಯಿತು. ತಿದ್ದುವುದು ಯಂತ್ರವಾದ್ದರಿಂದ ವೇಗವನ್ನೂ ಏರಿಸಬಹುದಾಯಿತು.

ಇನ್ನು ನಮ್ಮ ದೇಶದ ಮಾತು. ಟ್ಯಾಂಕ್ ನಿರೋಧಕ ಕ್ಷಿಪಣಿ ಮಾಡುವ ಪ್ರಯತ್ನವೇ ಭಾರತದ ಕ್ಷಿಪಣಿ ಸಂಶೋಧನೆಯ ಮೊದಲ ಹೆಜ್ಜೆಗಳಲ್ಲೊಂದು. 1950ರ ದಶಕದ ಕೊನೆಗೆ ದೆಹಲಿಯಲ್ಲಿ ಇದಕ್ಕೆಂದು ಕೂಡಿದ ಸಣ್ಣ ತಂಡವೇ ಬೆಳೆದು, ಹೈದರಾಬಾದಿನ ಡಿಆರ್‌ಡಿಎಲ್ ಪ್ರಯೋಗಾಲಯವಾಯಿತು. ಮುಂದೆ ಅಬ್ದುಲ್ ಕಲಾಂ ಅವರು ನಿರ್ದೇಶಕರಾದದ್ದು ಇದೇ ಪ್ರಯೋಗಾಲಯಕ್ಕೆ. ಆದರೆ ಸೈನ್ಯಕ್ಕೆ ಬೇಗ ಆಯುಧ ಬೇಕಿತ್ತು, ಫ್ರೆಂಚರ ಪರವಾನಗಿ ಪಡೆಯಲಾಯಿತು. 1970ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಭಾರತ್ ಡೈನಾಮಿಕ್ಸ್ ಲಿಮಿಟೆಡ್ ಕೈಗೆತ್ತಿಕೊಂಡ ಮೊದಲ ಕ್ಷಿಪಣಿ ಎಸ್‌ಎಸ್-11ಬಿ1, ಅಂದರೆ ಬಾಸ್ಟಿಯಾಂ-ತಿರಿ ದುಡಿದ ಅದೇ ಕುಟುಂಬದ್ದು. ಕರ್ನಾಟಕಕ್ಕೂ ಇಲ್ಲೊಂದು ನಂಟಿದೆ. ಬೆಂಗಳೂರಿನ ಎಚ್‌ಎಎಲ್ ಫ್ರೆಂಚರ ಅಲೂಯೆಟ್-3 ಹೆಲಿಕಾಪ್ಟರನ್ನು ‘ಚೇತಕ್’ ಎಂಬ ಹೆಸರಿನಲ್ಲಿ ಕಟ್ಟುತ್ತಿತ್ತು. ಟ್ಯಾಂಕ್ ಬೇಟೆಗೆಂದು ಸಜ್ಜುಗೊಳಿಸಿದ ಚೇತಕ್‌ಗಳು ಇದೇ ಬಗೆಯ ತಂತಿ ಕ್ಷಿಪಣಿಗಳನ್ನು ಹೊತ್ತವು.

ಆಮೇಲೆ ಭಾರತ್ ಡೈನಾಮಿಕ್ಸ್ ಮಿಲಾನ್ ಮತ್ತು ರಷ್ಯಾದ ಕೊಂಕುರ್ಸ್ ಕ್ಷಿಪಣಿಗಳನ್ನು ಪರವಾನಗಿಯಡಿ ತಯಾರಿಸಿತು. ಎರಡೂ ತಂತಿಯವೇ. 1983ರಲ್ಲಿ ಆರಂಭವಾದ ಸಮಗ್ರ ಕ್ಷಿಪಣಿ ಯೋಜನೆಯಲ್ಲಿ ಹುಟ್ಟಿದ ‘ನಾಗ್’ಗೆ ತಂತಿಯಿಲ್ಲ. ಗುರಿಯ ಶಾಖದ ಚಿತ್ರವನ್ನು ತಾನೇ ಹಿಡಿದುಕೊಂಡು ಹೋಗುವುದರಿಂದ ಉಡಾಯಿಸಿದವನು ಅಲ್ಲಿಂದ ಸರಿದು ಹೋಗಬಹುದು. ಹಾಗೆಂದು ತಂತಿಯ ಕಾಲ ಮುಗಿದಿಲ್ಲ. ಅದು ಅಗ್ಗ, ರೇಡಿಯೊ ಗದ್ದಲಕ್ಕೆ ಜಗ್ಗುವುದಿಲ್ಲ. 2021ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ ನಮ್ಮ ಭೂಸೇನೆಗೆಂದು 4,960 ಮಿಲಾನ್-2ಟಿ ಕ್ಷಿಪಣಿಗಳನ್ನು 1,188 ಕೋಟಿ ರೂಪಾಯಿಗೆ ಭಾರತ್ ಡೈನಾಮಿಕ್ಸ್‌ನಿಂದ ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ಅದರ ದೂರ 1,850 ಮೀಟರ್.